ದೊಡ್ಡ ಬಕೆಟ್ ತೊಟ್ಟ ಗಿಡ್ಡ ಟ್ರ್ಯಾಕ್ಟರು

ಆಯುಧಪೂಜೆಯ ಹಿಂದಿನ ದಿನ ಗಿಡ್ಡ ಟ್ರ್ಯಾಕ್ಟರು ತನ್ನ ಮುಂದೋಳಿಗೆ ಬಾಚಿ ಎತ್ತುವ ಬಕೆಟ್ ಆರಿಸಲು ಶೆಡ್ಡಿಗೆ ಬಂತು.

"ಎತ್ತಬೇಕಾದ್ದು ತಿಪ್ಪೆಯ ಹಸಿಗೊಬ್ಬರ. ನಿನ್ನ ಮೈಕಟ್ಟಿಗೆ ನಾನೇ ಸರಿ," ಎಂದಿತು ಚಿಕ್ಕ ಬಕೆಟ್.

"ನಿನಗೆ ಮೊಳ ಹೂವು ಸುತ್ತಿದರೆ ಮುಗೀತು. ನನಗೆ ಮಾರುದ್ದದ ಹಾರ ಹಿಡಿಸೋ ಬಕೆಟ್ ಬೇಕು," ಎಂದು ಟ್ರ್ಯಾಕ್ಟರು ಎಲ್ಲಕ್ಕಿಂತ ಅಗಲವಾದುದನ್ನೇ ತೊಟ್ಟಿತು.

ಪೂಜೆಯೇನೋ ಭರ್ಜರಿಯಾಗಿಯೇ ಆಯಿತು. ಮರುದಿನ ಹಾರ ಬಾಡಿದ್ದರೂ ಟ್ರ್ಯಾಕ್ಟರಿನ ಗತ್ತು ಬಾಡಿರಲಿಲ್ಲ. ತಿಪ್ಪೆಗೆ ನುಗ್ಗಿ, ಬಕೆಟ್ ತುಂಬಿಕೊಂಡು ಎತ್ತಹೋಯಿತು. ಗೊಬ್ಬರ ಕೂತಲ್ಲಿಂದ ಏಳಲಿಲ್ಲ. ಎದ್ದದ್ದು ಟ್ರ್ಯಾಕ್ಟರಿನ ಹಿಂದಿನ ಚಕ್ರಗಳು. ಮೂತಿ ಹೋಗಿ ತಿಪ್ಪೆಗೆ ತಾಗಿತು.

ಚಿಕ್ಕ ಬಕೆಟ್ ಶೆಡ್ಡಿನಿಂದಲೇ ಕೇಳಿತು: "ನಿನ್ನೆ ಊರೇ ನಿನಗೆ ಕೈಮುಗಿಯಿತು. ಇವತ್ತು ನೀನು ತಿಪ್ಪೆಗೆ ಅಡ್ಡಬಿದ್ದಿದ್ದೀಯ. ಯಾವ ಹರಕೆಯಣ್ಣಾ ಇದು?"