ಮಾಳಿಗೆಯ ಮೇಲಿನ ಹುಲ್ಲು

ಎರೆಸೀಮೆಯ ಒಂದು ಊರಿನಲ್ಲಿ ಚನ್ನವೀರಪ್ಪನೆಂಬ ಸಾಹುಕಾರನಿದ್ದ. ಹತ್ತಿ ವ್ಯಾಪಾರ, ತುಂಬಿದ ಮನೆ, ಮೇಲಾಗಿ ಒಳ್ಳೆಯ ಮನಸ್ಸು. ಕಥೆಗಳಲ್ಲಿ ಬರುವ ಸಾಹುಕಾರರು ಸಾಮಾನ್ಯವಾಗಿ ಜಿಪುಣರಾಗಿರುತ್ತಾರೆ. ಇವನು ಹಾಗಿರಲಿಲ್ಲ. ಹಾಗಿದ್ದಿದ್ದರೆ ಈ ಕಥೆ ಹೇಳುವುದು ನನಗೂ ಸುಲಭವಾಗುತ್ತಿತ್ತು.

ಊರ ಹೊರಗೆ ಹಳ್ಳದ ದಂಡೆಯಲ್ಲಿ ಕೆಲವು ಗುಡಾರಗಳಿದ್ದವು. ಒಂದರಲ್ಲಿ ಹುಲುಗಪ್ಪ ಮತ್ತು ಸುಂಕವ್ವ ಎಂಬ ಗಂಡಹೆಂಡಿರು ಇದ್ದರು. ಸವೆದುಹೋದ ಬೀಸುವ ಕಲ್ಲಿಗೆ ಉಳಿಯಿಂದ ಕಚ್ಚು ಹೊಡೆದು ಮತ್ತೆ ಹರಿತ ಮಾಡಿಕೊಡುವುದು ಅವರ ಕಸುಬು. ಅವರ ಅಪ್ಪ, ಅಜ್ಜ, ಮುತ್ತಜ್ಜ ಯಾರೂ ಮನೆಯೊಳಗೆ ಮಲಗಿದವರಲ್ಲ. ಸುಂಕವ್ವನ ಮೊದಲ ಕೂಸು ಒಂದು ಮಳೆಗಾಲದಲ್ಲಿ, ಗುಡಾರದ ಹಸಿ ನೆಲದಲ್ಲಿ ಮಲಗಿ ಮಲಗಿ, ಕೆಮ್ಮಿ ಕೆಮ್ಮಿ ತೀರಿಕೊಂಡಿತ್ತು. ಈಗ ಅವಳು ಮತ್ತೆ ಬಸುರಿ.

ಒಂದು ದಿನ ಸಾಹುಕಾರನ ಮನೆಯಲ್ಲಿ ಬೀಸುವ ಕಲ್ಲಿಗೆ ಕಚ್ಚು ಹೊಡೆಯುತ್ತ ಸುಂಕವ್ವ ಸಾಹುಕಾರನ ಹೆಂಡತಿಯ ಮುಂದೆ ಹೇಳಿಕೊಂಡಳು: "ಅವ್ವಾರ, ತೊಟ್ಟಿಲಾ ಕಟ್ಟಾಕ ಒಂದು ತೊಲಿ ಇದ್ದಿದ್ರ ನನ್ನ ಕೂಸು ಉಳೀತಿತ್ತು."

ಪಡಸಾಲೆಯಲ್ಲಿ ಕೂತಿದ್ದ ಸಾಹುಕಾರನ ಕಿವಿಗೆ ಆ ಮಾತು ಬಿತ್ತು. ಅವನಿಗೆ ಆ ಹೊತ್ತು ಊಟ ಸೇರಲಿಲ್ಲ. ಕೂಡಲೇ ಗೌಂಡಿಯನ್ನು ಕರೆಸಿ ಊರಂಚಿನಲ್ಲಿ ಅವರಿಗೊಂದು ಮನೆ ಕಟ್ಟಿಸಿದ. ಆ ಸೀಮೆಯ ಎಲ್ಲ ಮನೆಗಳ ಹಾಗೆ ಮಣ್ಣಿನ ಗೋಡೆ, ಬೇವಿನ ತೊಲೆ, ತಲೆಯ ಮೇಲೆ ಸಪಾಟಾದ ಮಣ್ಣಿನ ಸೂರು, ಅಂದರೆ ಮಾಳಿಗೆ. ಇದು ಬಾಳಿತೆಂದರೆ ಉಳಿದ ಗುಡಾರದವರಿಗೂ ಒಂದೊಂದು ಕಟ್ಟಿಸಬೇಕೆಂದು ಮನಸ್ಸಿನಲ್ಲೇ ಅಂದುಕೊಂಡ.

ಬೀಗದ ಕೈ ಕೊಡುವಾಗ ಅವನು ಹೇಳಿದ: "ಹುಲುಗಪ್ಪ, ಮನಿ ನಿಂದು. ಇನ್ನ ನಾನು ಈ ಕಡಿ ಹಾಯಂಗಿಲ್ಲ. ಕೊಟ್ಟವರು ಬಂದು ಬಂದು ನೋಡಿದ್ರ ತಗೊಂಡವರ ತಲಿ ತಗ್ಗತೈತಿ."

ಎಂಥ ದೊಡ್ಡ ಮಾತು ಎಂದು ಊರೆಲ್ಲ ಕೊಂಡಾಡಿತು. ಆ ಮನೆ ಇರುವ ತನಕ ಅವನು ಆ ಮಾತಿಗೆ ತಪ್ಪಲಿಲ್ಲ. ತಪ್ಪಿದ್ದರೆ ಎಷ್ಟು ಚೆನ್ನಾಗಿತ್ತು!

ಮಣ್ಣಿನ ಮಾಳಿಗೆಯ ಸಂಗತಿ ಹೀಗೆ. ಪ್ರತಿ ವರ್ಷ ಮಳೆ ಶುರುವಾಗುವ ಮೊದಲು ಮೇಲೆ ಹತ್ತಿ ಹುಲ್ಲು ಕಿತ್ತು, ಹಳ್ಳದ ಬದಿಯಿಂದ ಸವಳು ಮಣ್ಣು ತಂದು ಹರವಿ ಬಡಿಯಬೇಕು. ಸವಳು ಎಂದರೆ ಉಪ್ಪಿನಂಶದ ಮಣ್ಣು. ಅದು ನೀರನ್ನು ಒಳಗೆ ಬಿಡುವುದಿಲ್ಲ, ಹುಲ್ಲನ್ನೂ ಬೆಳೆಯಗೊಡುವುದಿಲ್ಲ. ಇದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ದರಿಂದಲೇ, ಗೊತ್ತಿಲ್ಲದವರೂ ಇರಬಹುದೆಂದು ಸಾಹುಕಾರನಿಗಾಗಲಿ ಗೌಂಡಿಗಾಗಲಿ ಹೊಳೆಯಲಿಲ್ಲ.

ಗುಡಾರದವರಿಗೆ ಗೊತ್ತಿದ್ದದ್ದು ಬೇರೆಯೇ. ನೆನೆದ ಗುಡಾರದ ಬಟ್ಟೆಗೆ ಬೆರಳು ತಾಗಿಸಿದರೆ ತಾಗಿಸಿದ ಜಾಗದಲ್ಲೇ ಸೋರತೊಡಗುತ್ತದೆ. ಅದಕ್ಕೆ ಅವರು ಮಕ್ಕಳಿಗೆ ಮಾತು ಬರುವ ಮೊದಲೇ ಒಂದು ಪಾಠ ಕಲಿಸುತ್ತಿದ್ದರು: ತಲೆಯ ಮೇಲಿನದನ್ನು ಮುಟ್ಟಬೇಡ.

ಮೊದಲ ಮಳೆಗಾಲ ಚೆನ್ನಾಗಿಯೇ ಕಳೆಯಿತು. ಹೆಣ್ಣುಕೂಸು ಹುಟ್ಟಿತು. ನೀಲವ್ವ ಎಂದು ಹೆಸರಿಟ್ಟು ತೊಲೆಗೆ ತೊಟ್ಟಿಲು ಕಟ್ಟಿದರು. ಹೊರಗೆ ಮಳೆ ಹೊಯ್ಯುತ್ತಿತ್ತು, ಒಳಗೆ ನೆಲ ಒಣಗಿತ್ತು. ಸುಂಕವ್ವ ಆಗಾಗ ಅಂಗೈಯಿಂದ ನೆಲ ಮುಟ್ಟಿ ನೋಡುತ್ತಿದ್ದಳು. ಅವಳಿಗೆ ನಂಬಲು ಆಗುತ್ತಿರಲಿಲ್ಲ.

ಮರುವರ್ಷ ಮಳೆಗೆ ಮುಂಚೆ ಊರಿನವರೆಲ್ಲ ಮಾಳಿಗೆ ಹತ್ತಿದರು. ಸುಂಕವ್ವ ಪಕ್ಕದ ಮನೆಯ ಪಂಪಕ್ಕನ ಹತ್ತಿರ ಕೂಲಿಗೆ ಹೋದಳು. ಪುಟ್ಟಿ ಪುಟ್ಟಿ ಸವಳು ಮಣ್ಣನ್ನು ತಲೆಯ ಮೇಲೆ ಹೊತ್ತು ನಿಚ್ಚಣಿಕೆ ಹತ್ತಿ ಇಳಿದಳು. ಇಳಿಯುತ್ತ ಕೇಳಿದಳು: "ಯಕ್ಕಾ, ಈ ಮಣ್ಣು ಯಾಕ ಹಾಕ್ತೀರಿ?"

"ನಮ್ದು ಹಳೀ ಮನಿ ಬಿಡವ್ವ, ಸೋರತೈತಿ."

"ನಮ್ದಕ್ಕೂ ಹಾಕಬೇಕಾ?"

ಪಂಪಕ್ಕ ಕೆಟ್ಟವಳಲ್ಲ. ಆದರೆ ಅವಳ ಸ್ವಂತ ತಮ್ಮ ಸೂರಿಲ್ಲದೆ ಹೆಂಡತಿಯ ತವರಿನಲ್ಲಿ ಬಿದ್ದಿದ್ದ. ಹಳ್ಳದ ದಂಡೆಯವರಿಗೆ ಪುಕ್ಕಟೆ ಮನೆ ಸಿಕ್ಕಿದ್ದನ್ನು ಅವಳಿಗೆ ಸಹಿಸಲಾಗಿರಲಿಲ್ಲ. "ನಿಮಗ್ಯಾಕ? ನಿಮ್ದು ಹೊಸಾದು, ಸಾವ್ಕಾರ್ರು ಕಟ್ಟಿಸಿದ್ದು," ಎಂದು ನಕ್ಕು ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಹೇಳಲು ಅವಳ ಬಾಯಿಗೇನಾಗಿತ್ತು?

ಆ ವರ್ಷ ಅವರ ಮಾಳಿಗೆಯ ಮೇಲೆ ಹುಲ್ಲು ಎದ್ದಿತು. ಸುಂಕವ್ವನಿಗೆ ಹಿಗ್ಗೋ ಹಿಗ್ಗು. "ನಮ್ಮ ಮನೀ ಮ್ಯಾಲೆ ಹಸುರು ಬಂತು ನೋಡು," ಎಂದು ಗಂಡನನ್ನು ಅಂಗಳಕ್ಕೆ ಕರೆದು ತೋರಿಸಿದಳು. ಹತ್ತಲು ಬಂದ ಆಡುಗಳನ್ನು ಅಟ್ಟಿದಳು. ಹುಲುಗಪ್ಪ ಮಾಳಿಗೆಯ ಕಡೆ ಒಂದು ಕಡ್ಡಿಯನ್ನೂ ಎಸೆಯಗೊಡಲಿಲ್ಲ. ಇಬ್ಬರೂ ಆ ಮನೆಯನ್ನು ಕಣ್ಣಿನ ಹಾಗೆ ಕಾಯ್ದರು. ಬೇರು ಮಾತ್ರ ಮಣ್ಣನ್ನು ಬಿಡಿಸುತ್ತ ಕೆಳಗಿಳಿಯುತ್ತಿತ್ತು.

ಕಟ್ಟೆಯ ಮೇಲೆ ಕೂತವರು ಆ ಹುಲ್ಲು ನೋಡಿ ನಕ್ಕರು. "ಮಾಳಿಗಿ ಮ್ಯಾಲೆ ಗೋಮಾಳ ಮಾಡ್ಯಾರ," ಎಂದ ಒಬ್ಬ. ಎದ್ದು ಹೋಗಿ ಹೇಳಿದವನು ಒಬ್ಬನೂ ಇಲ್ಲ.

ಮುಂದಿನ ಮಳೆಗೆ ಮಾಳಿಗೆ ಸೋರಿತು. ಸುಂಕವ್ವ ಹನಿ ಬಿದ್ದಲ್ಲಿ ಗಡಿಗೆ ಇಟ್ಟಳು. "ಮುಟ್ಟಬ್ಯಾಡ, ಮುಟ್ಟಿದ್ರ ಹೆಚ್ಚಾಗತೈತಿ," ಎಂದ ಹುಲುಗಪ್ಪ. ಆಮೇಲೆ ತೊಲೆಗಳ ಸಂದಿಯಿಂದ ಮಣ್ಣು ಉದುರತೊಡಗಿತು. ಹುಲುಗಪ್ಪನಿಗೆ ದಿಗಿಲಾಯಿತು. ಮೇಲೆ ಹತ್ತಿ ಕೈಯಾಡಿಸಬಹುದೇ, ಕೈಯಾಡಿಸಿದರೆ ಕೆಡುತ್ತದೆಯೇ ಎಂದು ಕೇಳಲು ಸಾಹುಕಾರನ ಮನೆಗೆ ಹೋದ.

"ಸಾವ್ಕಾರ್ರ, ಮನೀದು ಒಂದು ಮಾತಿತ್ತು," ಎಂದು ಮುಚ್ಚಿದ್ದ ಬಾಗಿಲ ಹೊರಗೆ ನಿಂತು ಕೂಗಿದ.

ಕಾಲಿಗೆ ಬೀಳಲು ಬಂದಿದ್ದಾನೆಂದು ಸಾಹುಕಾರ ತಿಳಿದ. ಬಡವನೊಬ್ಬ ತನ್ನ ಮುಂದೆ ಬಗ್ಗುವುದು ಅವನಿಗೆ ಬೇಕಿರಲಿಲ್ಲ. ಹೊರಗೆ ಬರದೆ ಒಳಗಿನಿಂದಲೇ ಹೇಳಿದ: "ಆ ಮನಿ ನಿಂದಪ್ಪ. ನನ್ನ ಕೇಳೂದು ಏನೂ ಇಲ್ಲ. ಹೋಗು, ಸುಖವಾಗಿರು."

ಹುಲುಗಪ್ಪ ಮುಚ್ಚಿದ ಬಾಗಿಲಿಗೆ ಕೈಮುಗಿದು ತಿರುಗಿ ಬಂದ. ಇನ್ನು ಯಾರನ್ನು ಕೇಳಬೇಕೋ ಅವನಿಗೆ ತಿಳಿಯಲಿಲ್ಲ.

ಜಡಿಮಳೆ ಹಿಡಿಯಿತು. ಬಿಟ್ಟೂ ಬಿಡದೆ ಹೊಯ್ದು ಒಂದು ದಿನ ಬೆಳಗಿನ ಹೊತ್ತು ಕೊಂಚ ನಿಂತಿತು. ಹುಲುಗಪ್ಪ ಹಳ್ಳದ ಕಡೆ ಹೋಗಿದ್ದ, ತೊಟ್ಟಿಲಲ್ಲಿ ನೀಲವ್ವ ಅಳುತ್ತಿದ್ದಳು. ಸುಂಕವ್ವ ಅವಳನ್ನು ಎತ್ತಿಕೊಂಡು ಬಿಸಿಲು ತೋರಿಸಲು ಅಂಗಳಕ್ಕೆ ಬಂದಳು. ಬೆನ್ನ ಹಿಂದೆ ತೊಲೆ ಮುರಿದ ಸದ್ದಾಯಿತು. ತಿರುಗಿ ನೋಡಿದರೆ ಮಾಳಿಗೆ ಇರಲಿಲ್ಲ. ತೊಟ್ಟಿಲಿದ್ದ ಜಾಗದಲ್ಲಿ ಹುಲ್ಲು ಸಮೇತ ಮಣ್ಣಿನ ಗುಡ್ಡೆ ಬಿದ್ದಿತ್ತು. ಕೂಸು ಉಳಿಯಿತು. ಉಳಿದದ್ದು ಅಷ್ಟೇ.

ಊರೆಲ್ಲ ಓಡಿಬಂತು. ಪಂಪಕ್ಕ ಹಸಿ ಮಣ್ಣನ್ನು ಕೈಯಲ್ಲಿ ಹಿಡಿದು, "ಅಯ್ಯೋ, ಸವಳು ಹಾಕೇ ಇಲ್ಲಲ್ಲ!" ಎಂದಳು.

ಸುಂಕವ್ವ ಅವಳ ಮುಖವನ್ನೇ ನೋಡಿದಳು. "ಹಾಕಬೇಕಿತ್ತಾ ಯಕ್ಕಾ? ನಿನ್ನ ಕೇಳಿದ್ನಲ್ಲ ನಾನು."

ಪಂಪಕ್ಕ ಕೈಯಲ್ಲಿದ್ದ ಮಣ್ಣನ್ನು ಕೆಳಗೆ ಹಾಕಿ ಸೆರಗಿಗೆ ಕೈ ಒರೆಸಿಕೊಂಡಳು. ಕಟ್ಟೆಯ ಮೇಲೆ ನಕ್ಕವರೂ ಅಲ್ಲಿದ್ದರು.

ಸಾಹುಕಾರನೂ ಬಂದ. ಮನೆ ಕೊಟ್ಟ ಮೇಲೆ ಆ ಕಡೆ ಅವನು ಕಾಲಿಟ್ಟದ್ದು ಅದೇ ಮೊದಲು. ಅವನ ಕಣ್ಣಲ್ಲಿ ನೀರಿತ್ತು, ಆ ನೀರು ಸುಳ್ಳಲ್ಲ. "ಅವತ್ತು ನೀನು ಬಂದಿದ್ದು ಇದಕ್ಕ ಏನಪ್ಪ? ಮತ್ತೊಂದು ಕಟ್ಟಿಸಿ ಕೊಡ್ತೀನಿ," ಎಂದ.

"ಬ್ಯಾಡ್ರಿ ಸಾವ್ಕಾರ್ರ," ಎಂದ ಹುಲುಗಪ್ಪ. "ನಮ್ಮಂಥವರಿಗೆ ಮನಿ ಆಗಿಬರಂಗಿಲ್ಲ."

ಮಣ್ಣಿನಡಿಯಿಂದ ಉಳಿ ಸುತ್ತಿಗೆ ಹುಡುಕಿಕೊಂಡು ಅವರು ಊರು ಬಿಟ್ಟರು. ಸಾಹುಕಾರ ಮತ್ತೆ ಯಾರಿಗೂ ಮನೆ ಕಟ್ಟಿಸಲಿಲ್ಲ. ಹಳ್ಳದ ದಂಡೆಯ ಗುಡಾರಗಳು ಗುಡಾರಗಳಾಗಿಯೇ ಉಳಿದವು. ಊರಿನವರು ಹುಲುಗಪ್ಪನ ಮಾತನ್ನೇ ಹಿಡಿದುಕೊಂಡು, ಅವರಿಗೆ ಮನೆ ಆಗಿಬರುವುದಿಲ್ಲ ಎಂದು ಮಕ್ಕಳಿಗೆ ಹೇಳಿದರು. ಹೇಳಿದ ಮೇಲೆ ಪುಟ್ಟಿ ತೆಗೆದುಕೊಂಡು ಸವಳು ಮಣ್ಣು ತರಲು ಹೋದರು, ಪ್ರತಿ ವರ್ಷದ ಹಾಗೆ.

ನೀಲವ್ವ ಬೆಳೆದು ತಾಯಿಯಾದಳು. ಯಾವುದೋ ಊರಿನ ಹಳ್ಳದ ದಂಡೆಯ ಗುಡಾರದಲ್ಲಿ, ಮಳೆ ಬರುವಾಗ, ಅವಳು ತನ್ನ ಕೂಸಿಗೆ ಎರಡು ಪಾಠ ಹೇಳಿಕೊಡುತ್ತಾಳೆ. ತಲೆಯ ಮೇಲಿನದನ್ನು ಮುಟ್ಟಬೇಡ. ಮನೆ ಬೇಕೆಂದು ಆಸೆಪಡಬೇಡ.

ನೀತಿ: ಸೂರಿಲ್ಲದವರಿಗೆ ಮನೆ ಕಟ್ಟಿಸಿಕೊಟ್ಟರೆ ಅರ್ಧ ಕೆಲಸವೂ ಮುಗಿಯಲಿಲ್ಲ. ಅದನ್ನು ಉಳಿಸಿಕೊಳ್ಳುವುದು ಹೇಗೆಂದು ಒಂದೆರಡು ಮಳೆಗಾಲ ಅವರ ಜೊತೆ ನಿಂತು ತೋರಿಸಬೇಕು, ಅವರು ಕೇಳಲು ಬಂದಾಗ ಬಾಗಿಲು ತೆರೆಯಬೇಕು. ಗೊತ್ತಿದ್ದೂ ಹೇಳದವರೆಲ್ಲ, ಕೊಟ್ಟವನೂ ಸೇರಿ, ಆ ಮನೆಯನ್ನು ಕೆಡವಿದವರೇ.