ಸೋರೆಕಾಯಿ ಹೋಳಿಗೆ

ಹೊಳೆಯ ದಂಡೆಗೆ ಒಂದು ಮಠ. ಮಠ ಸಣ್ಣದು, ಒಲೆ ದೊಡ್ಡದು.

ಮಠದ ಹಿರಿಯರು ಅಡವಯ್ಯ ಅಜ್ಜ. ಅವರ ಶಿಷ್ಯ ಬಾಳಯ್ಯ. ಓದಿನಲ್ಲಿ ಅಷ್ಟಕ್ಕಷ್ಟೆ, ಧ್ಯಾನಕ್ಕೆ ಕೂತರೆ ಗೊರಕೆ. ಆದರೆ ಅಡುಗೆ ಮಾಡಿ ಬಡಿಸುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ.

ಅವನು ಬಡಿಸುವ ರೀತಿ ಹೀಗೆ. ಉಣ್ಣುವವರು ಸಾಕು ಅಂದರೆ ಇನ್ನೊಂದು ಹೋಳಿಗೆ ಹಾಕುತ್ತಿದ್ದ. ತಾಟಿಗೆ ಕೈ ಅಡ್ಡ ಹಿಡಿದರೆ ಕೈ ಸರಿಸಿ ಎರಡು ಹಾಕುತ್ತಿದ್ದ. ಕೈ ಮುಗಿದರೆ, "ಪಾಪ, ನಾಚಿಕಿ ಭಾಳ" ಎಂದು ಮೂರು.

ಪ್ರಸಾದ ಚೆಲ್ಲುವಂತಿಲ್ಲ ಎಂಬುದು ಮಠದ ನೇಮ. ಹಾಗಾಗಿ ಉಂಡವರೆಲ್ಲ ಇಳಿಹೊತ್ತಿನವರೆಗೆ ಕಟ್ಟೆಯ ಮೇಲೆ ಬಿದ್ದುಕೊಂಡು ಉಸ್ಸಪ್ಪಾ ಅನ್ನುತ್ತಿದ್ದರು. ಅವರನ್ನು ನೋಡಿದರೆ ಬಾಳಯ್ಯನಿಗೆ ಎಲ್ಲಿಲ್ಲದ ಹಿಗ್ಗು.

ಕೊನೆಗೆ ತಾನು ಉಣ್ಣಲು ಕೂತಾಗ ಬಡಿಸುವವರು ಯಾರೂ ಉಳಿದಿರುತ್ತಿರಲಿಲ್ಲ. ಹಾಗಾಗಿ ತನಗೆ ತಾನೇ ಒತ್ತಾಯ ಮಾಡಿಕೊಳ್ಳುತ್ತಿದ್ದ.

ಯುಗಾದಿಗೆ ಇನ್ನೂ ಐದಾರು ತಿಂಗಳಿರುವಾಗ ಒಂದು ದಿನ ಅಜ್ಜ ಹೇಳಿದರು. "ಈ ಯುಗಾದಿಗೂ ಶ್ರೀಶೈಲಕ್ಕ ನಡಕೊಂಡು ಹೊಂಟೇನಿ. ವಯಸ್ಸಾತು. ಇದ ಕಡೀ ಸಲ."

ಬಾಳಯ್ಯ ಕೈಯಲ್ಲಿದ್ದ ಸೌಟು ಕೆಳಗಿಟ್ಟ. ಇಪ್ಪತ್ತು ವರ್ಷದಿಂದ ಅಜ್ಜ ಪ್ರತಿ ಯುಗಾದಿಗೆ ನಡೆದು ಹೋಗುತ್ತಿದ್ದರು, ಒಲೆ ನೋಡಿಕೊಳ್ಳಬೇಕೆಂದು ಇವನು ಉಳಿಯುತ್ತಿದ್ದ. ಅಜ್ಜನ ಹಿಂದೆ ಹೆಜ್ಜೆ ಹಾಕುತ್ತ ಒಮ್ಮೆ ಆ ಬೆಟ್ಟ ಹತ್ತಬೇಕು ಎಂಬುದೊಂದೇ ಅವನ ಆಸೆ. ಮುಂದಿನ ವರ್ಷ, ಮುಂದಿನ ವರ್ಷ ಅನ್ನುತ್ತಲೇ ಇಪ್ಪತ್ತು ಆಗಿತ್ತು.

"ಅಜ್ಜಾರ, ನಾನೂ ಬರ್ತೇನ್ರಿ."

"ಹೊಳೀಗೆ ಹೋಗಿ ಒಂದು ಕೊಡ ನೀರು ತೊಗೊಂಡು ಬಾ."

ಹೊಳೆಯಿಂದ ಮಠಕ್ಕೆ ಮೂವತ್ತೆರಡು ಮೆಟ್ಟಿಲು. ಬಾಳಯ್ಯ ನಾಲ್ಕು ಸಲ ಕೂತು ಎದ್ದು ಮೇಲೆ ಬಂದ. ಕೊಡದಲ್ಲಿ ಅರ್ಧ ನೀರು ಉಳಿದಿತ್ತು.

ಅಜ್ಜ ಒಂದು ಬೊಗಸೆ ಕುಡಿದರು. "ನೀರು ಛಲೋ ಅದಾವ. ಆದ್ರ ಹಾದಿ ಭಾಳ ದಿನದ್ದು, ಬಾಳಯ್ಯಾ. ನಡಕೊಂಡು ಬರೋದಾದ್ರ ಬಾ. ನಿನ್ನ ಹೊತ್ತುಕೊಂಡು ಹೋಗಾಕ ಮಠದಾಗ ಆನಿ ಇಲ್ಲ."

ಬಾಳಯ್ಯ ವೈದ್ಯರ ಹತ್ತಿರ ಹೋದ. ವೈದ್ಯರು ಮೊಣಕಾಲು ಒತ್ತಿ ನೋಡಿದರು.

"ಮೊಣಕಾಲಿಂದು ಏನೂ ತಪ್ಪಿಲ್ಲ. ಅವು ಇಬ್ಬರನ್ನ ಹೊತ್ತುಕೊಂಡು ತಿರಗತಾವ. ಒಬ್ಬನ್ನ ಇಳಸ್ರಿ."

"ಊಟ ಬಲ್ಲವಂಗ ರೋಗಿಲ್ಲ ಅಂತಾರಲ್ರೀ?"

"ಖರೇ ಮಾತು. ನೀವು ಬಲ್ಲದ್ದು ಬಡಸೋದು."

ಬಾಳಯ್ಯ ಅಂದೇ ಆಣೆ ಮಾಡಿದ. ಬೆಲ್ಲ ಬಿಟ್ಟ, ತುಪ್ಪ ಬಿಟ್ಟ, ಎಣ್ಣೆ ಬಿಟ್ಟ. ಆದರೆ ಮರುದಿನವೇ ಅಮಾವಾಸ್ಯೆ, ಮಠದಲ್ಲಿ ಹೋಳಿಗೆ. ಬೆಲ್ಲ ಬಿಟ್ಟರೂ ಹೋಳಿಗೆ ಬಿಡಬೇಕಲ್ಲ! ಅದರ ವಾಸನೆ ಅಡುಗೆಮನೆಯ ತುಂಬ ಅವನ ಬೆನ್ನು ಹತ್ತಿ ತಿರುಗಿತು.

ಅವನೊಂದು ಉಪಾಯ ಮಾಡಿದ. ಸೋರೆಕಾಯಿ ಬೇಯಿಸಿ, ಹಿಂಡಿ, ರುಬ್ಬಿ ಹೂರಣ ಮಾಡಿದ. ಗೋಧಿ ತೌಡಿನಲ್ಲಿ ಕಣಕ ಕಲಸಿದ. ಒಣ ಹಂಚಿನ ಮೇಲೆ ಬೇಯಿಸಿದ. ನೋಡಲು ಥೇಟು ಹೋಳಿಗೆಯೇ.

ಪಂಕ್ತಿ ಎದ್ದ ಮೇಲೆ ಅಜ್ಜ ಅಡುಗೆಮನೆಗೆ ಬಂದರು.

"ಏನು ತಿನ್ನಾಕತ್ತಿ?"

"ಹೋಳಿಗಿರಿ. ಬ್ಯಾಳಿಲ್ಲ, ಬೆಲ್ಲಿಲ್ಲ, ತುಪ್ಪಿಲ್ಲ. ಒಳಗ ಬರೇ ಸೋರಿಕಾಯಿ."

ಅಜ್ಜ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಅಗಿದರು. ಬಹಳ ಹೊತ್ತು ಅಗಿದರು.

"ತಾನು ಹೋಳಿಗಿ ಆಗೇನಿ ಅನ್ನೋದು ಸೋರಿಕಾಯಿಗೆ ಗೊತ್ತೈತೇನು?"

ಬಾಳಯ್ಯ ಕೈಯಲ್ಲಿದ್ದ ಹೋಳಿಗೆಯನ್ನು ತಿರುಗಿಸಿ ನೋಡಿದ.

"ಎಷ್ಟು ತಿಂದಿ?"

"ಒಂದು ತಿಂದೆ, ಹೋಳಿಗಿ ತಿಂದಂಗ ಆಗಲಿಲ್ರಿ. ಇನ್ನೊಂದು ತಿಂದೆ, ಆಗಲೂ ಆಗಲಿಲ್ಲ. ಇದು ಏಳನೇದು."

"ಈಗ ಆತೇನು?"

"ಇಲ್ರಿ."

"ಹುಡುಕು, ಹುಡುಕು," ಅನ್ನುತ್ತ ಅಜ್ಜ ಹೊರಟು ಹೋದರು.

ಬಾಳಯ್ಯ ಒಂದು ತಿಂಗಳು ಹುಡುಕಿದ. ಎಣ್ಣೆ ಇಲ್ಲದ ಎಣ್ಣೆಗಾಯಿ ಮಾಡಿದ. ಶೇಂಗಾ ಇಲ್ಲದ ಶೇಂಗಾ ಚಟ್ನಿ ಕುಟ್ಟಿದ. ಬೆಲ್ಲ ಇಲ್ಲದ ಗೋಧಿ ಹುಗ್ಗಿ ಕುದಿಸಿದ. ಇದರಲ್ಲಿ ಏನಿಲ್ಲ, ಏನಿಲ್ಲ ಅನ್ನುತ್ತ ಎಲ್ಲವನ್ನೂ ಗುಡ್ಡೆ ಹಾಕಿಕೊಂಡು ತಿಂದ. ಹೊಟ್ಟೆ ಬಿರಿಯುತ್ತಿತ್ತು, ಹಸಿವು ಹಾಗೇ ಇತ್ತು.

ಪಂಕ್ತಿಯಲ್ಲಿ ಮಾತ್ರ ಮೊದಲಿಗಿಂತ ಹೆಚ್ಚು ಬಡಿಸಿದ. ತನಗಿಲ್ಲದ್ದು ಅವರಿಗಾದರೂ ಇರಲಿ ಎಂದು. ಆದರೆ ಈಗ ಅವನ ಮುಖದಲ್ಲಿ ನಗು ಇರಲಿಲ್ಲ, ಉಣ್ಣುವವರು ಹೆದರಿ ಉಣ್ಣುತ್ತಿದ್ದರು.

ತಿಂಗಳು ತುಂಬಿದ ದಿನ ಮತ್ತೆ ಕೊಡ ಹೊತ್ತು ಮೆಟ್ಟಿಲು ಹತ್ತಿದ. ಈ ಸಲ ಐದು ಕಡೆ ಕೂತ. ಐದನೆಯ ಸಲ ಕೂತಲ್ಲೇ ಅತ್ತುಬಿಟ್ಟ.

ಅಜ್ಜ ಇಳಿದು ಬಂದು ಪಕ್ಕದಲ್ಲಿ ಕೂತರು.

"ಎಲ್ಲಾ ಬಿಟ್ಟೇನ್ರಿ ಅಜ್ಜಾರ. ಆದ್ರೂ ಆಗವಲ್ದು. ನನ್ನೂ ಬಿಟ್ಟು ಹೋಗ್ರಿ."

"ನಾಳೆ ಅಮಾಸಿ. ಹೋಳಿಗಿ ಮಾಡು. ಖರೇ ಹೋಳಿಗಿ. ನೀ ಪಂಗತ್ಯಾಗ ಕೂಡು, ನಾ ಬಡಸ್ತೇನಿ."

ಮರುದಿನ ಬಾಳಯ್ಯ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಪಂಕ್ತಿಯಲ್ಲಿ ಕೂತ. ಅಜ್ಜ ಬುಟ್ಟಿ ಹಿಡಿದು ಬಂದರು. ಅವನ ತಾಟಿಗೆ ಕಾಲು ಹೋಳಿಗೆ ಹಾಕಿದರು. ಅದರ ಮೇಲೆ ಒಂದು ಚಮಚ ತುಪ್ಪ.

ಬಾಳಯ್ಯ ಎರಡು ತುತ್ತಿಗೆ ಮುಗಿಸಿ ತಲೆ ಎತ್ತಿದ.

"ಸಾಕೇನು?" ಅಂದರು ಅಜ್ಜ.

ಅಜ್ಜನೇ ಬಡಿಸುವಾಗ ಬೇಕು ಅನ್ನುವುದು ಹೇಗೆ? ಬಾಳಯ್ಯ ಮರ್ಯಾದೆಗೆ, "ಸಾಕ್ರಿ ಅಜ್ಜಾರ" ಅಂದ.

ಅಜ್ಜ ಮುಂದಿನವನ ತಾಟಿಗೆ ಹೋದರು.

ಬಾಳಯ್ಯ ಬುಟ್ಟಿ ಹೋದ ದಿಕ್ಕಿಗೇ ಬಾಯಿ ತೆರೆದು ನೋಡುತ್ತ ಕೂತ. ಪಂಕ್ತಿಗೆ ಪಂಕ್ತಿಯೇ ಹೋ ಎಂದು ನಕ್ಕಿತು. ಎಷ್ಟೋ ವರ್ಷದಿಂದ ಅವನ ಕೈಯಲ್ಲಿ ಸಿಕ್ಕಿಬಿದ್ದಿದ್ದವರು ಅವರೆಲ್ಲ, ನಗದೆ ಏನು ಮಾಡಿಯಾರು!

ಊಟವಾದ ಮೇಲೆ ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಬಾಳಯ್ಯ ಸಿಟ್ಟಿನಿಂದಲೇ ಹೋದ.

"ಅಜ್ಜಾರ, ನಾ ಸಾಕು ಅಂದದ್ದು ಬಾಯಿಮಾತಿಗೆ."

"ಹೌದೇನು? ನಾ ಖರೇ ಅಂತ ತಿಳಕೊಂಡೆ."

"ಸಾಕು ಅಂದವರಿಗೆ ಹಾಕಬೇಕಲ್ರೀ!"

"ಇಷ್ಟು ವರ್ಷ ಮಂದಿ ಸಾಕು ಅಂದಾಗ ನೀ ಏನು ತಿಳಕೊಂಡಿ?"

"ನಾಚಿಕೊಂಡು ಅಂತಾರ ಅಂತ."

"ನಿನ್ನ ಹೊಟ್ಟಿ ಸಾಕು ಅಂದಾಗ?"

ಬಾಳಯ್ಯ ತನ್ನ ಹೊಟ್ಟೆಯನ್ನು ಬಗ್ಗಿ ನೋಡಿದ.

"ಅದೂ ನಾಚಿಕೊಂಡು ಅಂತೈತಿ ಅಂತ ತಿಳಕೊಂಡೇನ್ರಿ," ಅಂದ ಮೆಲ್ಲಗೆ.

ಅಜ್ಜ ನಗತೊಡಗಿದರು. ಬಾಳಯ್ಯನಿಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ, ಹಿಡಿಯಲು ಅದು ಬೇಕಾದಷ್ಟಿತ್ತು.

ನಗು ನಿಂತ ಮೇಲೆ ಅಜ್ಜ ಶಲ್ಯದ ಗಂಟು ಬಿಚ್ಚಿದರು. ಒಳಗೆ ಎಲೆಯಲ್ಲಿ ಸುತ್ತಿದ ಕಾಲು ಹೋಳಿಗೆ.

"ಅಲ್ಲಿ ಹರಗೋಲ ಬರಾಕತ್ತೈತಿ ನೋಡು. ಅದು ಈ ದಂಡಿಗೆ ಹತ್ತೂತನಾ ಇದನ್ನ ತಿನ್ನು. ಮೊದಲ ಮುಗಿಸಬ್ಯಾಡ."

ಹೊಳೆ ಅಗಲವಾಗಿತ್ತು. ಹರಿಗೋಲಿಗೆ ಅವಸರವಿರಲಿಲ್ಲ. ಬಾಳಯ್ಯ ಚಿಟಿಕೆಯಷ್ಟು ಮುರಿದು ನಾಲಿಗೆಯ ಮೇಲಿಟ್ಟುಕೊಂಡ. ಕಣಕ ಕರಗಿತು. ಬೆಲ್ಲ ಬಂತು. ಬೇಳೆ ಬಂತು. ತುಪ್ಪ ಎಲ್ಲಕ್ಕೂ ಹಿಂದಿನಿಂದ ಬಂತು. ಮತ್ತೊಂದು ಚಿಟಿಕೆ ಮುರಿದ. ಅವನ ಕಣ್ಣು ತಾನಾಗಿಯೇ ಮುಚ್ಚಿತು.

ಹರಿಗೋಲು ನಡುಹೊಳೆಯಲ್ಲಿದ್ದಾಗ ಥಟ್ಟನೆ ಕಣ್ಣು ತೆರೆದ.

"ಅಜ್ಜಾರ! ಜಾಜಿಕಾಯಿ ಜಾಸ್ತಿ ಆಗೇತಿ!"

"ಹೌದು."

"ಇವತ್ತೇನ್ರಿ?"

"ಇಪ್ಪತ್ತು ವರ್ಷದಿಂದ."

"ಮತ್ತ ನಿಮಗ ಹೆಂಗ ಗೊತ್ತಾತ್ರಿ?"

"ನಾ ತಿನ್ನೋದು ಮೊದಲಿಂದ ಹಿಂಗ, ಕಾಲು ಕಾಲು ಮುರದು, ಸಾವಕಾಶ."

"ಹೇಳಬಾರದೇನ್ರಿ?"

"ಹೇಳಾಕ ಬಾಯಿ ತಗದ್ರ ನೀ ಅದರಾಗ ಇನ್ನೊಂದು ಹಾಕತಿದ್ದಿ."

ಹರಿಗೋಲು ದಂಡೆಗೆ ಹತ್ತಿದಾಗ ಬಾಳಯ್ಯನ ಕೈಯಲ್ಲಿ ಇನ್ನೂ ಒಂದು ಚೂರು ಉಳಿದಿತ್ತು. ಅವನಿಗೆ ಹೋಳಿಗೆ ತಿಂದಂತಾಗಿತ್ತು.

ಅಂದಿನಿಂದ ಮಠದಲ್ಲಿ ಸೋರೆಕಾಯಿ ಸೋರೆಕಾಯಿಯಾಗಿಯೇ ಬೆಂದಿತು. ಬಾಳಯ್ಯ ಎಲ್ಲರಿಗೂ ಮಾಡಿದ ಅಡುಗೆಯನ್ನೇ ತಾನೂ ಉಂಡ. ಎಣ್ಣೆ ಜಿನುಗುವ ಎಣ್ಣೆಗಾಯಿ, ಆದರೆ ಒಂದೇ ಕಾಯಿ. ಜೋಳದ ರೊಟ್ಟಿ, ಆದರೆ ಒಂದೇ ರೊಟ್ಟಿ. ಹುಗ್ಗಿ, ಮೇಲೆ ತುಪ್ಪ, ಆದರೆ ಅಂಗೈಯ ಕುಳಿಯಷ್ಟೇ. ತುತ್ತಿಗೊಮ್ಮೆ ಅದರಲ್ಲಿ ಏನೇನಿದೆ ಎಂದು ಹುಡುಕುತ್ತಿದ್ದ, ಹುಡುಕಿದ್ದು ಸಿಗುತ್ತಿತ್ತು. ಜಾಜಿಕಾಯಿ ಕಡಿಮೆ ಮಾಡಿದ.

ಬಡಿಸುವಾಗಲೂ ಸಾಕು ಅಂದವರ ಮುಖ ಒಮ್ಮೆ ನೋಡುತ್ತಿದ್ದ. ಖರೇ ಸಾಕೋ ಬಾಯಿಮಾತಿನ ಸಾಕೋ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಕಟ್ಟೆಯ ಮೇಲೆ ಬಿದ್ದುಕೊಳ್ಳುವವರು ಕಡಿಮೆಯಾದರು, ನಗುತ್ತ ಮನೆಗೆ ಹೋಗುವವರು ಹೆಚ್ಚಾದರು.

ಅವನು ಬಡಕಲೇನೂ ಆಗಲಿಲ್ಲ. ಆದರೆ ಮೆಟ್ಟಿಲ ಮೇಲೆ ಐದು ಕಡೆ ಕೂರುತ್ತಿದ್ದವನು ಎರಡು ಕಡೆ ಕೂತ, ಆಮೇಲೆ ಒಂದು ಕಡೆ. ಹೊರಡುವ ದಿನ ಹತ್ತಿರ ಬಂದಾಗ ಒಂದು ಹನಿ ಚೆಲ್ಲದೆ ತುಂಬಿದ ಕೊಡ ತಂದು ಅಜ್ಜನ ಮುಂದಿಟ್ಟ.

"ಇನ್ನಾದ್ರೂ ಬರಲೇನ್ರಿ?"

"ನಿಂಬೆವ್ವನ ಮನೀ ತನಕಾ ಬಾ. ಮುಂದಿಂದು ಅಲ್ಲಿ ಹೇಳ್ತೇನಿ."

ಶ್ರೀಶೈಲಕ್ಕೆ ನಡೆಯುವವರ ಮೊದಲ ದಿನದ ಮಧ್ಯಾಹ್ನದ ಊಟ ನಿಂಬೆವ್ವನ ಮನೆಯಲ್ಲಿ. ಒತ್ತಾಯ ಮಾಡುವುದರಲ್ಲಿ ಅವಳು ಬಾಳಯ್ಯನಿಗೇ ಗುರು. ಅವಳ ಅಂಗಳದಿಂದ ಎದ್ದು ಅದೇ ದಿನ ಮುಂದೆ ನಡೆದವರು ಕಡಿಮೆ.

"ಅಕೀ ಮನೀನ ಯಾಕ್ರಿ ಅಜ್ಜಾರ?"

"ಹಾದೀ ತುಂಬ ಊರೂರಿಗೆ ಒಬ್ಬೊಬ್ಬ ನಿಂಬೆವ್ವ ಇರ್ತಾಳ."

ಹೊರಟ ದಿನ ಬಾಳಯ್ಯ ಅಜ್ಜನ ಹಿಂದೆ ಹಾಡುತ್ತ ನಡೆದ. ಬಿಸಿಲು ಏರಿತು, ಮೊಣಕಾಲು ತಕರಾರು ಮಾಡಲಿಲ್ಲ. ಮಧ್ಯಾಹ್ನಕ್ಕೆ ನಿಂಬೆವ್ವನ ಅಂಗಳ ಸಿಕ್ಕಿತು. ಅವಳು ಬಾಗಿಲಲ್ಲೇ ಕಾಯುತ್ತಿದ್ದಳು.

"ಬರ್ರಿ ಅಜ್ಜಾರ, ಬರ್ರಿ ಬಾಳಯ್ಯಾರ! ನೀವು ಬೆಲ್ಲ ತುಪ್ಪ ಬಿಟ್ಟೀರಿ ಅಂತ ಕೇಳೀನಿ. ನಿಮಗಂತ ಬ್ಯಾರೆ ಹೋಳಿಗಿ ಮಾಡೇನ್ರಿ. ಬೆಲ್ಲಿಲ್ಲ, ಬ್ಯಾಳಿಲ್ಲ, ಒಳಗ ಸೋರಿಕಾಯಿ. ಹತ್ತು ತಿಂದ್ರೂ ಏನೂ ಆಗಂಗಿಲ್ರಿ!"

ಸುದ್ದಿ ಹೊಳೆ ದಾಟಿ ಬಂದಿತ್ತು, ಒಂದಷ್ಟು ತಡವಾಗಿ.

ಬಾಳಯ್ಯ ಅಜ್ಜನ ಮುಖ ನೋಡಿದ. ಅಜ್ಜ ಅಂಗಳದ ಗುಬ್ಬಿಗಳನ್ನು ನೋಡುತ್ತಿದ್ದರು.

"ನಿಂಬೆವ್ವಾ, ಎಲ್ಲರಿಗೂ ಮಾಡಿದ್ದ ನನಗೂ ಹಾಕು. ಅರ್ಧ."

"ಅರ್ಧ!" ನಿಂಬೆವ್ವ ಬುಟ್ಟಿ ಕೆಳಗಿಟ್ಟಳು. "ಅರ್ಧ ಹೋಳಿಗಿ ನಮ್ಮ ಮನ್ಯಾಗ ಕೂಸಿಗೂ ಹಾಕಂಗಿಲ್ರಿ."

"ಅರ್ಧ ಹಾಕು, ಹೇಳ್ತೇನಿ."

ಅವಳು ಅರ್ಧ ಹಾಕಿ, ಮೇಲೆ ತುಪ್ಪ ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬಾಳಯ್ಯ ಚಿಟಿಕೆ ಮುರಿದು ಕಣ್ಣು ಮುಚ್ಚಿದ. ಅಂಗಳದಲ್ಲಿದ್ದವರೆಲ್ಲ ಉಣ್ಣುವುದನ್ನು ಬಿಟ್ಟು ಅವನನ್ನೇ ನೋಡಿದರು.

"ಬೆಲ್ಲ ಹಳೇದು," ಅಂದ ಬಾಳಯ್ಯ.

"ಹೌದ್ರಿ. ಹ್ವಾದ ವರ್ಷದ್ದು, ತಗದಿಟ್ಟಿದ್ದೆ."

"ಗಸಗಸಿ ಹುರದೀ. ಹಂಚಿನ ಮ್ಯಾಲ ಅಲ್ಲ, ಕೆಂಡದ ಮ್ಯಾಲ."

ನಿಂಬೆವ್ವನ ಕೈ ಸೊಂಟದಿಂದ ಜಾರಿತು.

"ಬ್ಯಾಳಿ ಬೇಯುವಾಗ ಒಂದು ಹರಳು ಉಪ್ಪು ಹಾಕೀ. ಹಾಕಿದ್ದು ಯಾರಿಗೂ ತಿಳೀಬಾರದು, ಅಷ್ಟ."

"ನಮ್ಮವ್ವ ಹಾಕತಿದ್ಲು," ಅಂದಳು ನಿಂಬೆವ್ವ. ಅವಳ ಕಣ್ಣು ತುಂಬಿತು. "ಮೂವತ್ತು ವರ್ಷ ಆತ್ರಿ ಮಾಡಾಕತ್ತು. ಎಲ್ಲಾರೂ ಆರು ತಿಂದು, ಎಂಟು ತಿಂದು ಎದ್ದು ಹೋದ್ರು. ಆ ಉಪ್ಪು ಯಾರಿಗೂ ಸಿಕ್ಕಿದ್ದಿಲ್ಲ."

ಸೆರಗಿನಿಂದ ಕಣ್ಣು ಒರೆಸಿಕೊಂಡಳು, ನಕ್ಕಳು. ನಗುತ್ತಲೇ ಬುಟ್ಟಿಯಿಂದ ಇನ್ನೊಂದು ಅರ್ಧ ಎತ್ತಿದಳು. ಅಭ್ಯಾಸ, ಬಿಡಬೇಕಲ್ಲ!

ಬಾಳಯ್ಯನಿಗೆ ಆಸೆಯಾಯಿತು. ಅವಳ ಸಂತೋಷ ನೋಡಿ ಇನ್ನೂ ಆಸೆಯಾಯಿತು. ತಾಟಿನಲ್ಲಿದ್ದ ಕೊನೆಯ ಚೂರು ತಿಂದು, ತಲೆ ತಗ್ಗಿಸಿ ತನ್ನ ಹೊಟ್ಟೆಯ ಮಾತು ಕೇಳಿಸಿಕೊಂಡ.

"ಸಾಕು ನಿಂಬೆವ್ವಾ," ಅಂದ. ಕೈ ಅಡ್ಡ ಹಿಡಿಯಲಿಲ್ಲ. ಪ್ರಸಾದ ಚೆಲ್ಲದ ನೇಮದಂತೆ ತಾಟಿಗೆ ನೀರು ಹಾಕಿ, ತೊಳೆದು, ಆ ನೀರನ್ನು ಕುಡಿದು ಕೆಳಗಿಟ್ಟ.

ನಿಂಬೆವ್ವ ಅರ್ಧ ಹೋಳಿಗೆ ಕೈಯಲ್ಲಿ ಹಿಡಿದುಕೊಂಡು ಅಜ್ಜನ ಕಡೆ ತಿರುಗಿದಳು.

"ಅಜ್ಜಾರ, ನೀವಾದ್ರೂ ಹೇಳ್ರಿ. ಇಷ್ಟ ತಿಂದು ಇವರು ಶ್ರೀಶೈಲ ಮುಟ್ಟತಾರೇನ್ರಿ?"

ಬಾಳಯ್ಯ ಅಜ್ಜನ ಬಾಯನ್ನೇ ನೋಡಿದ.

ಅಜ್ಜ ತಮ್ಮ ತಾಟನ್ನು ಮುಂದೆ ಚಾಚಿದರು.

"ಮುಟ್ಟತಾನ. ಆ ಅರ್ಧ ಇತ್ತ ಹಾಕವ್ವಾ, ನನಗಿನ್ನೂ ಸಾಕಾಗಿಲ್ಲ."