ಮಡಿಯ ಮಾತು

ಡಂಗುರ ಸಾರಿತು. ಮಣಿಗಡದ ಅರಸು ದಡಿಗರಾಯರ ಅಪ್ಪಣೆ. ಅರಮನೆಯ ಗಣಕಕ್ಕೆ ಕನ್ನ ಬಿದ್ದಿದೆ. ಕುಮಾರಿ ಕಂಚಲೆ ಮೂರು ಒಗಟು ಕೇಳುವಳು. ಮೂರನ್ನೂ ಬಿಡಿಸಿದವನಿಗೆ ಅವಳ ಕೈ ಮತ್ತು ಅರ್ಧ ರಾಜ್ಯ. ತಪ್ಪಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ.

ಊರವರು ಬಾಯಿ ಬಿಟ್ಟುಕೊಂಡು ಕೇಳಿದರು. ಉಪ್ಪರಿಗೆಯ ಮೇಲೆ ಕಂಚಲೆ ಕಿವಿ ಮುಚ್ಚಿಕೊಂಡಳು.

ಗಣಕವನ್ನು ಕಟ್ಟಿದವಳು ಅವಳೇ. ಕೋಟೆ ಬಾಗಿಲು, ಕಣಜ, ಬೊಕ್ಕಸ, ಸೆರೆಮನೆ ಎಲ್ಲವೂ ಆ ಯಂತ್ರದ ಕೈಯಲ್ಲಿದ್ದವು. ಯಾರು ಏನು ಹೇಳಿದರೂ ಅದು ಮೊದಲು ನೀನು ಯಾರು, ನಿನ್ನ ಎಲ್ಲೆ ಎಷ್ಟು ಎಂದು ವಿಚಾರಿಸುತ್ತಿತ್ತು. ಕುದುರೆಯಾಳಿಗೆ ಲಾಯದ ಬಾಗಿಲು ಮಾತ್ರ. ಅಡುಗೆಯವನಿಗೆ ಉಗ್ರಾಣ ಮಾತ್ರ. ಎಲ್ಲ ಬಾಗಿಲೂ ತೆರೆಯುತ್ತಿದ್ದುದು ಅರಸನೊಬ್ಬನಿಗೆ.

ಅಂಥ ಗಣಕ ಒಂದು ಮಧ್ಯಾಹ್ನ ಯಾವನೋ ಆಳಿನ ಮಾತಿಗೆ ಕಣಜ ತೆರೆಯಿತು. ಬರಗಾಲಕ್ಕೆಂದು ಕೂಡಿಟ್ಟ ಜೋಳವೆಲ್ಲ ಗಾಡಿ ಹತ್ತಿ ಗಡಿ ದಾಟಿತು. ಕಳ್ಳ ಸಿಗಲಿಲ್ಲ. ಸಿಕ್ಕವನು ಕಣಜದ ಕಾವಲಿನ ಮುದ್ದ. ಅವನನ್ನು ಸೆರೆಗೆ ಹಾಕಿದರು. ಯಾರೂ ಒಗಟು ಬಿಡಿಸದಿದ್ದರೆ ಅಮಾವಾಸ್ಯೆಗೆ ಅವನ ತಲೆಯೂ ಉರುಳುವುದಿತ್ತು.

ಕನ್ನ ಎಲ್ಲಿ ಬಿದ್ದಿದೆಯೆಂದು ಕಂಚಲೆ ಹುಡುಕಿ ಕಂಡುಕೊಂಡಿದ್ದಳು. ಹೇಳಿರಲಿಲ್ಲ. ಯಾರೋ ಮಹಾ ಮಾಯಾವಿಯ ಕೆಲಸ ಎಂದು ತಂದೆಯ ಮುಂದೆ ಸುಳ್ಳು ಹೇಳಿದ್ದಳು. ಅವನನ್ನು ಮೀರಿಸುವ ಬುದ್ಧಿವಂತನನ್ನು ಹುಡುಕೋಣ, ಈ ಕನ್ನದ ಮೇಲೆಯೇ ಒಗಟು ಮಾಡು, ಎಂದ ಅರಸ. ಯಾರಿಗೂ ಬಿಡಿಸಲಾಗಬಾರದು ಎಂದುಕೊಂಡೇ ಅವಳು ಒಗಟು ಹೆಣೆದಳು.

ನೆರೆರಾಜ್ಯದ ಕುಮಾರ ಬಂದ. ಕಂಚಲೆ ಮೊದಲನೆಯದನ್ನು ಕೇಳಿದಳು.

"ಹೊರಗೆ ಆಳಾಗಿದ್ದವನು ಒಳಗೆ ಅರಸನಾದ. ಬೀಗ ಒಡೆಯಲಿಲ್ಲ, ಲಂಚ ಕೊಡಲಿಲ್ಲ, ವೇಷ ಹಾಕಲಿಲ್ಲ. ಒಂದೇ ಮಾತು ಆಡಿದ. ಯಾವುದದು?"

ಕುಮಾರ ಮೀಸೆ ತಿರುವಿ ಅರಸನ ಹೆಸರು ಅಂದ. ಭಟರು ಅವನನ್ನು ಎಳೆದೊಯ್ದರು. ಆಮೇಲೆ ಬಂದ ಪಂಡಿತ ಸಂಮೋಹನ ಮಂತ್ರ ಎಂದು ಹೇಳಿ, ಆ ಮಂತ್ರವನ್ನೂ ಉದ್ದಕ್ಕೆ ಒಪ್ಪಿಸಿದ. ಅವನಿಗೂ ಸೆರೆಮನೆ. ಪ್ರತಿ ಸಲ ತಪ್ಪು ಎನ್ನುವಾಗ ಕಂಚಲೆಗೆ ಮೊದಲು ಹಾಯೆನಿಸುತ್ತಿತ್ತು. ಹಾಯೆನಿಸಿತಲ್ಲ ಎಂದು ಮರುಗಳಿಗೆ ಮೈ ಹಿಡಿಯಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಸಿಂಗ್ರ ಬಂದ. ಬಚ್ಚಲೊಲೆಗೆ ಸೌದೆ ಹೊರುವವನು, ಮುದ್ದನ ತಮ್ಮ.

"ಒಲೆ ಹಿತ್ತಲಲ್ಲಿದೆ ಕಣೋ," ಎಂದ ಮಂತ್ರಿ. ಸಭೆ ನಕ್ಕಿತು.

"ಗೊತ್ತು ಬುದ್ಧಿ. ಉರಿ ಹಾಕಿಯೇ ಬಂದೆ," ಎಂದ ಸಿಂಗ್ರ.

ಕಂಚಲೆ ಒಗಟು ಕೇಳಿದಳು. ಅವನು ತಲೆ ತಗ್ಗಿಸಿ ಯೋಚಿಸಿದ. ಕಣಜ ತೆರೆಯುವ ಮುಂಚೆ ಗಣಕ 'ದಾರಿ ಬಿಡಿ' ಎಂದು ಕೂಗಿತಂತೆ, ಅಣ್ಣ ಹೇಳಿದ್ದ, ಎಂದ. ಅರಮನೆಯಲ್ಲಿ ಆ ಮಾತು ಬರುವುದು ಇನ್ನೊಂದು ಕೂಗಿನ ಹಿಂದೆ ಮಾತ್ರ.

"ಮಡಿ, ಅಂದಿರಬೇಕು ಬುದ್ಧಿ."

ಕಂಚಲೆ ಸರಿ ಎಂದಳು. ಸಭೆಯ ನಗು ನಿಂತಿತು. ಎರಡನೆಯದನ್ನು ಕೇಳಿದಳು.

"ಕಾವಲಿನವನು ಎಚ್ಚರವಿದ್ದ, ಕಣ್ಣು ತೆರೆದಿದ್ದ. ಎದುರಿಗೆ ಹಾದವನ ಮುಖ ಕಾಣಲಿಲ್ಲ. ಯಾಕೆ?"

ಇದಕ್ಕೆ ಸಿಂಗ್ರ ಯೋಚಿಸಲಿಲ್ಲ. ಮಡಿ ಎಂದು ಕೂಗಿದಾಗ ನಮ್ಮಂಥವರು ಗೋಡೆಗೆ ಒತ್ತಿ ನೆಲ ನೋಡಬೇಕು, ಎಂದ. ತಲೆ ಎತ್ತಿದರೆ ಬೈಗುಳ. ಹಾದವರು ಪೂಜಾರಿಯೋ ಕಳ್ಳನೋ, ಕಾಣುವುದು ಹಿಮ್ಮಡಿ ಮಾತ್ರ. ಗಣಕವೂ ಹಾಗೇ ನೆಲ ನೋಡಿತು. ನೀನು ಯಾರು ಎಂದು ಕೇಳಲಿಲ್ಲ. ಮುಟ್ಟಬಾರದವನನ್ನು ತಡೆಯುವುದು ಹೇಗೆ? ಕೇಳದೆ ಬಿಟ್ಟ ಮೇಲೆ ಒಳಗೆ ಅವನೇ ಅರಸ.

ಇದೂ ಸರಿ. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಮೂರನೆಯದು ಉಳಿದಿತ್ತು.

"ಕಳ್ಳನಿಗಿಂತ ಮೊದಲೇ ಆ ಬಾಗಿಲು ತೆರೆದಿಟ್ಟವರು ಯಾರು?"

ಸಿಂಗ್ರ ತಲೆ ಎತ್ತದೆಯೇ ಹೇಳಿದ.

"ಅವರು ಕೆಟ್ಟವರಲ್ಲ. ಯಾರಿಗೂ ದಾರಿ ಬಿಟ್ಟು ನಿಂತವರಲ್ಲ, ಅಷ್ಟೆ. ಗಣಕಕ್ಕೆ ಮಾತು ಕಲಿಸುವ ಕೈ ಅರಮನೆಯಲ್ಲಿ ಒಂದೇ ಇರೋದು."

ಅರಸ ಮಗಳ ಕಡೆ ತಿರುಗಿದ. "ಸರಿಯೋ ತಪ್ಪೋ?"

ತಪ್ಪು ಎಂದರೆ ಸಾಕಿತ್ತು. ಸೌದೆಯವನ ತಲೆ, ಅವನ ಅಣ್ಣನ ತಲೆ, ಇನ್ನೆರಡು. ಗುಟ್ಟು ಮಣ್ಣಾಗುತ್ತಿತ್ತು. ಸಿಂಗ್ರ ಆಗಲೂ ನೆಲವನ್ನೇ ನೋಡುತ್ತಿದ್ದ. ತನ್ನ ಮುಖ ನೋಡಬಾರದೆಂದು ಇವನಿಗೆ ಕಲಿಸಿದವರು ಯಾರು ಎಂದು ಕಂಚಲೆಗೆ ಅನಿಸಿತು.

"ಸರಿ," ಎಂದಳು. "ಅದು ನಾನು."

ಆಮೇಲೆ ಎಲ್ಲವನ್ನೂ ಹೇಳಿದಳು. ಅಜ್ಜಿ ಒದ್ದೆ ಸೀರೆಯಲ್ಲಿ ದೇವರ ಮನೆಗೆ ಹೊರಟರೆ ಗಣಕ ನಿಲ್ಲಿಸಿ ಹೆಸರು ಕೇಳುತ್ತಿತ್ತು. ಅಜ್ಜಿ ರೇಗುತ್ತಿದ್ದಳು. ಮಡಿ ಅಂದವರನ್ನು ಏನೂ ಕೇಳಬೇಡ ಎಂದು ನಾನು ಗಣಕಕ್ಕೆ ಕಲಿಸಿದೆ. ದೇವರ ಮನೆಯ ಬಾಗಿಲಿಗೆ ಮಾತ್ರ ಎಂದು ಸೇರಿಸಲು ಮರೆತೆ. ಅಜ್ಜಿ ಹೋದಳು, ಮಾತು ಉಳಿಯಿತು. ಯಾವನೋ ಆಳು ಅದನ್ನು ಕಣಜದ ಮುಂದೆ ಆಡಿ ನೋಡಿದ. ಕಂಡ ಮೇಲೂ ನಾನು ಮುಚ್ಚಿಟ್ಟೆ.

ಅರಸ ಮಗಳನ್ನು ಬೈಯಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು.

ಅವಳು ಅಲ್ಲೇ ಗಣಕದ ಮುಂದೆ ಕೂತು ಆ ಮಾತನ್ನು ಅಳಿಸಿದಳು. ಆಡಿದ ಮಾತಿನಂತೆ ಅರ್ಧ ರಾಜ್ಯ ಸಿಂಗ್ರನದಾಯಿತು. ಮದುವೆಯ ಮಾತು ಬಂದಾಗ ಅವನು, ಅಮ್ಮಣ್ಣಿ ಮುಖ ಎತ್ತುವ ಕಾಲಕ್ಕೆ ಕೇಳೋಣ, ಮೊದಲು ಅಣ್ಣ ಊಟ ಮಾಡಲಿ, ಎಂದ.

ಅರಸ ಎಲ್ಲರ ತಲೆದಂಡವನ್ನೂ ಮನ್ನಿಸಿದ. ಸೆರೆಮನೆಯ ಬಾಗಿಲು ತೆಗೆಯಲು ಕಂಚಲೆ ತಾನೇ ಹೋದಳು. ಕುಮಾರ, ಪಂಡಿತ ತಿರುಗಿ ನೋಡದೆ ಓಡಿದರು. ಮುದ್ದ ಗೋಡೆ ಹಿಡಿದುಕೊಂಡು ಕೊನೆಗೆ ಬಂದ. ಸಭೆಯಲ್ಲಿ ನಡೆದದ್ದು ಅವನಿಗೆ ತಿಳಿಯದು. ಎದುರಿಗೆ ಅರಸುಮಗಳನ್ನು ಕಂಡು ಉದ್ದಕ್ಕೆ ಅಡ್ಡಬಿದ್ದು ಅವಳ ಪಾದ ಹಿಡಿದುಕೊಂಡ.

"ತಾಯಿ, ನಿಮ್ಮಿಂದ ಬದುಕಿದೆ."

ಸಿಂಗ್ರ ಪಕ್ಕದಲ್ಲೇ ಇದ್ದ. ಕಂಚಲೆ ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು. ಮುದ್ದ ಬಿಡಲಿಲ್ಲ.